ದೀಪ ಆರಿಸಿದ ಮನೆ

"ಎಲ್ಲವನ್ನೂ ಇಡಿಯಾಗಿ ನೋಡಬೇಕೆಂದರೆ ಎಷ್ಟು ಎತ್ತರ ಹತ್ತಬೇಕು, ಗುರುಗಳೇ?" ಎಂದು ಶಿಷ್ಯ ಕೇಳಿದ. ಬೆಟ್ಟದ ತುದಿಯ ಗವಿಯಲ್ಲಿ ಇನ್ನು ಒಬ್ಬನೇ ಇರುತ್ತೇನೆಂದು ಹೊರಟು ನಿಂತಿದ್ದ. ಹೆಗಲಿನಲ್ಲಿ ಬುತ್ತಿಗಂಟು ಇತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಹೇಳತೊಡಗಿದರು.

ಉತ್ತರದ ಹಿಮನಾಡಿನಲ್ಲಿ ಒಬ್ಬ ಗಗನಯಾತ್ರಿ ದಾರಿ ತಪ್ಪಿದ್ದಳು. ಬಾಹ್ಯಾಕಾಶಕ್ಕೆ ಹೋಗುವ ಮೊದಲು ಚಳಿ ತಾಳುವುದನ್ನು ಕಲಿಯಲಿ ಎಂದು ಅವಳನ್ನು ಅಲ್ಲಿಗೆ ಕಳಿಸಿದ್ದರು. ಹಿಮಸಾರಂಗ ಮೇಯಿಸುವ ಒಬ್ಬ ಮುದುಕಿ ಎದುರಾದಳು.

"ಅಜ್ಜಿ, ದಾರಿ ತಪ್ಪಿದೆ."

"ಎಲ್ಲಿಗೆ ಹೊರಟವಳಮ್ಮ?"

"ಆಕಾಶಕ್ಕೆ."

"ಹಾಗಾದರೆ ತುಂಬಾನೇ ತಪ್ಪಿದೆ, ಬಾ" ಎಂದು ಮುದುಕಿ ಮನೆಗೆ ಕರೆದೊಯ್ದಳು. ಬಿಸಿ ಸಾರು ಕೊಟ್ಟಳು. ಬೆಳಗಾದ ಮೇಲೆ ದಾರಿ ಮುಟ್ಟಿಸಿದಳು. ಏನು ಕೊಡಲಿ ಎಂದರೆ ಏನೂ ಬೇಡವೆಂದಳು. ಆಮೇಲೆ ಸ್ವಲ್ಪ ಸಂಕೋಚದಿಂದ ಹೇಳಿದಳು.

"ನನ್ನ ಮನೆ ಕಡೆ ಯಾರೂ ತಿರುಗಿ ನೋಡಿ ಎಷ್ಟೋ ಕಾಲವಾಯಿತು. ಚಳಿಗಾಲಕ್ಕೆ ಇಲ್ಲಿ ಆಕಾಶದಲ್ಲಿ ಹಸಿರು ಬೆಳಕು ಏಳುತ್ತದೆ. ನೀನು ಮೇಲಿದ್ದಾಗ, ಆ ಬೆಳಕಿನಡಿಯಲ್ಲಿ ನನ್ನ ಮನೆಯನ್ನು ಒಮ್ಮೆ ನೋಡು. ಅಷ್ಟಾದರೆ ನಿನ್ನ ಋಣ ತೀರಿತು."

ಗಗನಯಾತ್ರಿ ಮಾತು ಕೊಟ್ಟಳು.

ಚಳಿಗಾಲದಲ್ಲಿ ಅವಳು ಬಾಹ್ಯಾಕಾಶ ನೌಕೆಯಲ್ಲಿದ್ದಾಗ ಆ ಬೆಳಕು ಅವಳ ಕಾಲ ಕೆಳಗೇ ಎದ್ದಿತು. ನೆಲದವರು ಕತ್ತೆತ್ತಿ ನೋಡುವುದನ್ನು ಅವಳು ಕತ್ತು ಬಗ್ಗಿಸಿ ನೋಡಿದಳು. ಕೆಳಗಿನವರಿಗೆ ಅದು ಗಾಳಿಗಾಡುವ ಸೆರಗು. ಸುತ್ತು ಸುತ್ತು ಬಂದ ಅವಳಿಗೆ ಅದು ಭೂಮಿಯ ನೆತ್ತಿಗೆ ಇಟ್ಟ ದುಂಡನೆಯ ಸಿಂಬಿಯೆಂದು ತಿಳಿಯಿತು. ಬುಡದಲ್ಲಿ ದಟ್ಟ ಹಸಿರು. ಅವಳ ಕಡೆಗೆ ಏರುತ್ತ ಕೆಂಪಾಗಿ, ಕೊನೆಗೆ ಕರಗಿ ಇಲ್ಲವಾಗುತ್ತಿತ್ತು. ಸದ್ದೆಂಬುದಿಲ್ಲ. ಜೊತೆಯವರು ನಿದ್ದೆಯಲ್ಲಿದ್ದರು. "ನೋಡು" ಎನ್ನಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮುದುಕಿಯ ಮನೆಯ ದೀಪವನ್ನು ಹುಡುಕಿದಳು. ಆ ಜಾಗದಲ್ಲಿ ಕತ್ತಲು. ಬೆಳಕು ಎದ್ದಾಗಲೆಲ್ಲ ದುರ್ಬೀನು ಹಿಡಿದು ಹುಡುಕಿದಳು. ಆಗಲೂ ಕತ್ತಲು. ಮುದುಕಿ ತೀರಿಕೊಂಡಳೇನೋ ಎಂಬ ಯೋಚನೆ ಬಂದು, ಅಷ್ಟು ದೊಡ್ಡ ಬೆಳಕು ಅವಳಿಗೆ ಬೇಡವಾಯಿತು.

ಭೂಮಿಗೆ ಇಳಿದವಳು ನೇರ ಆ ಹಿಮನಾಡಿಗೆ ಹೋದಳು. ಬಾಗಿಲು ತೆರೆದದ್ದು ಮುದುಕಿಯೇ.

"ನಿಮ್ಮ ಮನೆ ದೀಪ ಕಾಣಲೇ ಇಲ್ಲವಲ್ಲ ಅಜ್ಜಿ."

"ಹೇಗೆ ಕಂಡೀತು? ಆ ಬೆಳಕು ಬಂತೆಂದರೆ ನಮ್ಮಲ್ಲಿ ಮನೆಯ ದೀಪ ಆರಿಸಿಯೇ ಹೊರಗೆ ಬರಬೇಕು. ಅದು ನಾವು ಅದಕ್ಕೆ ಕೊಡುವ ಮರ್ಯಾದೆ. ನಾನು ಕತ್ತಲಲ್ಲಿ ನಿಂತು ನಿನಗೆ ಕೈ ಬೀಸುತ್ತಿದ್ದೆ. ಕೈ ಮರಗಟ್ಟಿತು."

ಅಂದು ರಾತ್ರಿ ಬೆಳಕು ಎದ್ದಿತು. ಗಗನಯಾತ್ರಿ ತಾನೇ ದೀಪ ಆರಿಸಿ, ಮುದುಕಿಯ ಕೈ ಹಿಡಿದು ಹೊರಗೆ ಬಂದಳು. ಬೆಳಕಿಗೆ ಬೆನ್ನು ಹಾಕಿ ನಿಂತಳು. ಹಸಿರು ಬಿದ್ದ ಸೂರನ್ನು, ಬಾಗಿಲನ್ನು ನೋಡಿದಳು. ಮುದುಕಿಯ ಮುಖವನ್ನು ಬಹಳ ಹೊತ್ತು ನೋಡಿದಳು. ಋಣ ತೀರಿತು.

ಕತೆ ಮುಗಿಸಿದ ಗುರುಗಳು ಶಿಷ್ಯನ ಹೆಗಲಿನ ಗಂಟಿನ ಮೇಲೆ ಕೈಯಿಟ್ಟು ಕೇಳಿದರು: "ಈ ಬುತ್ತಿ ಕಟ್ಟಿಕೊಟ್ಟವರ ಮುಖ ಬೆಟ್ಟದ ತುದಿಯಿಂದ ಕಾಣುತ್ತದೆಯೇ?"

ಶಿಷ್ಯ ಗಂಟನ್ನು ಹೆಗಲಿನಿಂದ ಇಳಿಸಿದ.