ಹೊಳೆದಡದಲ್ಲಿ ಇಟ್ಟ ಆಣೆ

ಹೊಳೆಯಂಚಿನ ಹುಲ್ಲುಗಾವಲಲ್ಲಿ ವಜ್ರಶೃಂಗನೆಂಬ ಕಾಡುಕೋಣ ತನ್ನ ಮಂದೆಯನ್ನು ಆಳುತ್ತಿದ್ದ. ಅವನ ತಮ್ಮ ಧೀರಕನೇ ಉಪನಾಯಕ. ಮಂದೆಯ ಹಿಂದೆ ನಡೆದು, ದಾರಿಯಲ್ಲಿ ಉಳಿದ ಕರುಗಳನ್ನು ಕೂಡಿಸಿ ತರುವುದು ಅವನ ಕೆಲಸ.

ಒಂದು ದಿನ ದೊರೆ ನೀರಿಗಿಳಿದಾಗ, ಪೊದೆಯಲ್ಲಿ ಹೊಂಚುಹಾಕಿದ್ದ ಹೆಬ್ಬುಲಿ ಅವನ ಕೊರಳಿಗೆ ಎರಗಿತು. ದೊರೆ ಅಲ್ಲೇ ಪ್ರಾಣ ಬಿಟ್ಟ. ಮಂದೆ ದಿಕ್ಕಾಪಾಲಾಗಿ ಓಡತೊಡಗಿತು.

“ತಲೆಯೇ ಹೋಯಿತು, ಇನ್ನು ಮುಂಡ ಎಷ್ಟು ಹೊತ್ತು ನಿಂತೀತು?” ಎಂದು ಹುಲಿ ಕರುಗಳತ್ತ ತಿರುಗಿತು.

ದೊರೆಯ ಮಡದಿ ಶ್ಯಾಮಲೆ, ಗಂಡನ ನೆತ್ತರು ಮೆತ್ತಿದ ಮುಖದಲ್ಲೇ ಧೀರಕನ ಬಳಿಗೆ ಬಂದಳು. “ಮೈದುನ, ಮುಂದೆ ನಿಲ್ಲು. ಇನ್ನು ನೀನೇ ದೊರೆ.”

ಧೀರಕ ಒಂದು ಹೆಜ್ಜೆ ಹಿಂದೆ ಸರಿದ. “ಅತ್ತಿಗೆ, ಅಣ್ಣನ ಮೈ ಇನ್ನೂ ಬೆಚ್ಚಗಿದೆ. ಈಗಲೇ ಅವನ ಜಾಗದಲ್ಲಿ ನಿಂತರೆ, ಇದಕ್ಕೇ ಕಾದಿದ್ದ ಎಂದು ಮಂದೆ ಆಡಿಕೊಳ್ಳದೆ?”

“ಆಡಿಕೊಳ್ಳಲಾದರೂ ಮಂದೆ ಉಳಿಯಬೇಕಲ್ಲ!”

ಧೀರಕ ಅಣ್ಣನ ಕೊಂಬಿಗೆ ಹಣೆ ಮುಟ್ಟಿಸಿ, ಕಾಡೆಲ್ಲ ಕೇಳುವಂತೆ ನುಡಿದ: “ನನ್ನಲ್ಲಿ ಉಸಿರಿರುವ ತನಕ ಒಂದು ಕರುವನ್ನೂ ಬಿಟ್ಟುಕೊಡೆನು. ಅಣ್ಣನ ಮೇಲಾಣೆ!”

ಓಡುತ್ತಿದ್ದ ಕೋಣಗಳು ನಿಂತವು, ತಿರುಗಿದವು, ಅವನ ಎಡಬಲಕ್ಕೆ ಬಂದು ಕೊಂಬು ತಗ್ಗಿಸಿದವು. ಧೀರಕ ಮೊದಲು ನುಗ್ಗಿದ; ಹಿಂದೆಯೇ ಮಂದೆಯೆಲ್ಲ ನುಗ್ಗಿತು. ಹುಲಿ ತಾನು ಕೊಂದ ಬೇಟೆಯನ್ನೂ ಬಿಟ್ಟು ಹೊಳೆಗೆ ಹಾರಿ, ಈಜಿ, ಆಚೆ ಕಾಡು ಸೇರಿತು.

ಮಂದೆಯ ಜಯಘೋಷಕ್ಕೆ ಎರಡೂ ದಡ ಗುಡುಗಿದವು. ಶ್ಯಾಮಲೆ ಆಗಷ್ಟೇ ಗಂಡನ ಪಕ್ಕದಲ್ಲಿ ಕುಸಿದು ಅತ್ತಳು. ಅವಳು ಅತ್ತು ಮುಗಿಸುವ ತನಕ ಹೊಸ ದೊರೆ ಹೊಳೆಗೆ ಮುಖಮಾಡಿ ಕಾವಲು ನಿಂತ.