ಭಟ್ಟರ ಎರಡನೇ ಗ್ರಾಚ್ಯುಟಿ

ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆ ಭಟ್ಟರೊಬ್ಬರಿದ್ದರು. ನಿವೃತ್ತಿಯ ದಿನ ಲೆಕ್ಕಪತ್ರದ ಅಧಿಕಾರಿ ವರದರಾಜು ಭಟ್ಟರನ್ನು ಕರೆಸಿದರು.

“ಭಟ್ರೇ, ಹಿಂದೆ ಕೆಲಸ ಮಾಡಿದ ಗಿರಣಿ ಕೊಟ್ಟ ಗ್ರಾಚ್ಯುಟಿಗೆ ತೆರಿಗೆ ವಿನಾಯಿತಿ ಪಡೆದಿದ್ದೀರಿ. ನಮ್ಮದಕ್ಕೆ ಇನ್ನು ಇಲ್ಲ. ತೆರಿಗೆ ಮುರ್ಕೊಳ್ತೀನಿ.”

“ಜೀವಮಾನಕ್ಕೆ ಇಷ್ಟು ವಿನಾಯಿತಿ ಅಂತ ಮಿತಿ ಇದೆಯಲ್ಲ ಸಾರ್? ಎರಡೂ ಸೇರಿಸಿದರೂ ಅದರ ಅರ್ಧ ಆಗಲ್ಲ.”

“ಒಮ್ಮೆ ಪಡೆದವರಿಗೆ ಮುಗೀತು. ನನಗೇ ಕಾನೂನು ಹೇಳ್ತೀರಾ?”

ಆ ದುಡ್ಡಿನಲ್ಲಿ ಸಣ್ಣ ಹೋಟೆಲ್ ಇಡಬೇಕೆಂದಿದ್ದ ಭಟ್ಟರು ಅಡುಗೆಮನೆಗೆ ಹೋದರು.

ಮಧ್ಯಾಹ್ನ ಬೀಳ್ಕೊಡುಗೆಯ ಊಟ. ಬಡಿಸಿದವರೂ ಭಟ್ಟರೇ. ಎಲ್ಲರ ಎಲೆಗೂ ಹೋಳಿಗೆ ಬಿತ್ತು, ವರದರಾಜು ಅವರ ಎಲೆಯೊಂದು ಬಿಟ್ಟು.

“ಭಟ್ರೇ, ನನಗೆ?”

“ಬೆಳಿಗ್ಗೆ ಮನೇಲಿ ತಿಂಡಿ ಆಯ್ತಾ ಸಾರ್?”

“ಎರಡು ಇಡ್ಲಿ ತಿಂದೆ. ಅದಕ್ಕೇನೀಗ?”

“ಹಾಗಾದ್ರೆ ನಿಮ್ಮದು ಇವತ್ತಿಗೆ ಮುಗೀತು.”

“ಏನ್ರೀ ಇದು! ಎರಡು ಇಡ್ಲಿಗೆ ಹೊಟ್ಟೆ ತುಂಬುತ್ತಾ? ಇನ್ನೂ ಬೇಕಾದಷ್ಟು ಜಾಗ ಇದೆ!”

“ನನ್ನ ವಿನಾಯಿತೀಲೂ ಇದೆ ಸಾರ್.”

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ವರದರಾಜು ಅವರ ಮುಖ ಕೆಂಪಾಯಿತು. ಅವರು ಸುತ್ತ ನೋಡಿದರು, ಹೋಳಿಗೆಯ ತಟ್ಟೆ ನೋಡಿದರು.

“ಆಯ್ತು ಕಣ್ರೀ, ತೆರಿಗೆ ಮುರಿಯಲ್ಲ. ಈಗಲಾದ್ರೂ ಬಡಿಸಿ.”

ಭಟ್ಟರು ಎರಡು ಹೋಳಿಗೆ ಹಾಕಿ ಧಾರಾಳವಾಗಿ ತುಪ್ಪ ಸುರಿದರು.

“ನಿಧಾನಕ್ಕೆ ತಿನ್ನಿ ಸಾರ್. ಆರ್ಡರ್ ಟೈಪ್ ಆಗಿ ಬರೋವರೆಗೂ ನಾನು ಬಡಿಸ್ತಾನೇ ಇರ್ತೀನಿ.”