ಚಳಿಯಜ್ಜಿಗೆ ಹಸಿರು ಹೊದಿಸಿದ ಕಿತ್ತಳೆ

ಜಗತ್ತಿನ ಮೈಮೇಲಿನ ಮಣ್ಣು ಇನ್ನೂ ಆರಿರಲಿಲ್ಲ. ಹೊಳೆಗೆ ದಾರಿ ಗೊತ್ತಿರಲಿಲ್ಲ. ಸಿಕ್ಕವರನ್ನೆಲ್ಲ ಕೇಳಿಕೊಂಡು ಹರಿಯುತ್ತಿತ್ತು. ಆಗ ನಡೆದದ್ದು ಇದು, ಅದೂ ನಮ್ಮ ಬೆಟ್ಟದಲ್ಲೇ. ಬೇರೆ ಊರಿನವರು ತಮ್ಮಲ್ಲಿ ಅಂದರೆ ನಂಬಬೇಡಿ.

ಆಗ ಕಿತ್ತಳೆ ಕಾಯಾದಾಗಲೂ ಹಸಿರು, ಹಣ್ಣಾದಾಗಲೂ ಹಸಿರು. ಸಿಪ್ಪೆ ನುಣ್ಣಗೆ, ವಾಸನೆಯೇ ಇಲ್ಲ. ನೊಣ ಬಂದು ಸಿಪ್ಪೆ ಚುಚ್ಚಿ ಮೊಟ್ಟೆ ಇಡುತ್ತಿತ್ತು. ಒಳಗೆ ಹುಳವಾಗಿ, ಬೀಜ ಬಲಿಯುವ ಮೊದಲೇ ಹಣ್ಣು ಕೊಳೆತು ಬೀಳುತ್ತಿತ್ತು.

ಇಡೀ ಜಗತ್ತಿಗೆ ಇದ್ದದ್ದು ಒಂದೇ ಕಿತ್ತಳೆ ಮರ. ಅದಕ್ಕೂ ವಯಸ್ಸಾಗಿತ್ತು. ಆ ವರ್ಷ ಅದರಲ್ಲಿ ಉಳಿದದ್ದು ಒಂದೇ ಹಣ್ಣು.

"ಮಗಳೇ, ಎಲೆ ಮರೆಯಲ್ಲೇ ಇರು. ಎಲೆಯೂ ಹಸಿರು, ನೀನೂ ಹಸಿರು, ಆ ಕಳ್ಳ ನೊಣಕ್ಕೆ ಕಾಣಲ್ಲ. ನಿನ್ನ ಬೀಜ ಹೋದರೆ ನಮ್ಮ ವಂಶವೇ ಹೋಯ್ತು," ಎಂದಿತು ತಾಯಿಮರ.

ಒಂದು ಬೆಳಿಗ್ಗೆ ಚಳಿಯಜ್ಜಿ ಬೆಟ್ಟ ಹತ್ತಿ ಬಂದಳು. ಊರಿಗೆಲ್ಲ ನಡುಕ ಹಂಚುವವಳು ತಾನೇ ಗಡಗಡ ನಡುಗುತ್ತಿದ್ದಳು. ಕಂಕುಳಲ್ಲಿ ಸೂಜಿ ಚುಚ್ಚಿದ ಚಿಂದಿಬಟ್ಟೆಯ ಗಂಟು.

"ಮಾವಣ್ಣ, ಹೊದೆಯೋಕೆ ಏನಾದರೂ ಕೊಡಪ್ಪ," ಎಂದು ಮಾವಿನ ಮರವನ್ನು ಕೇಳಿದಳು.

"ನೀನು ಮುಟ್ಟಿದರೆ ನನ್ನ ಹೂವೆಲ್ಲ ಕರಕಲು. ಮುಂದೆ ಹೋಗಜ್ಜಿ."

"ಹಲಸಣ್ಣ, ನೀನು?"

"ನನ್ನ ಸಿಪ್ಪೆ ಹೊದ್ದರೆ ಬೆನ್ನು ಕೆರೆಯೋಕೆ ಬೇರೆ ಯಾರೂ ಬೇಡ. ಕೊಡಲಾ?" ಹಲಸು ಹೊಟ್ಟೆ ಕುಲುಕಿಸಿ ನಕ್ಕಿತು.

ಕಿತ್ತಳೆ ಎಲೆ ಸರಿಸಿ ಇಣುಕಿತು. "ಬಾ ಅಜ್ಜಿ, ನನ್ನ ಹಸಿರು ಹೊದ್ದುಕೋ."

"ಏ ಹುಚ್ಚಿ!" ತಾಯಿಮರ ಕೂಗಿತು. "ಅದಿಲ್ಲದೆ ಎಲ್ಲಿ ಅಡಗ್ತೀಯೆ?"

"ಬಾಗಿಲಿಗೆ ಬಂದವರನ್ನ ಹಾಗೇ ಕಳಿಸೋಕಾಗುತ್ತಾ ಅಮ್ಮ?"

ಅಜ್ಜಿ ಹಸಿರನ್ನು ಮೆಲ್ಲಗೆ ಬಿಚ್ಚಿ ಹೊದ್ದಳು. ಅದರಡಿ ನೋಡಿದರೆ ಕೆಂಡದ ಬಣ್ಣ! ಸೂರ್ಯ ದಿನಾ ಒಂದೊಂದು ಎಳೆ ಹಳದಿ, ಒಂದೊಂದು ಎಳೆ ಕೆಂಪು ಇಟ್ಟು ಹೋಗಿದ್ದ. ಹಸಿರಿನಡಿ ಮುಚ್ಚಿಹೋಗಿದ್ದರಿಂದ ಕಿತ್ತಳೆಗೇ ಗೊತ್ತಿರಲಿಲ್ಲ.

ಆ ಬಣ್ಣ ಆಚೆ ಬೆಟ್ಟಕ್ಕೂ ಕಂಡಿತು. ಅಲ್ಲಿದ್ದ ನೊಣಕ್ಕೂ ಕಂಡಿತು. "ಓಹೋ, ಇಲ್ಲಿದ್ದೀಯಾ ಮಾರಾಯ್ತಿ!" ಎನ್ನುತ್ತ ಗುಂಯ್ ಎಂದು ಹೊರಟಿತು.

ತಾಯಿಮರ ಕಣ್ಣು ಮುಚ್ಚಿಕೊಂಡಿತು. ಚಳಿಯಜ್ಜಿ ಗಂಟಿನಿಂದ ಸೂಜಿ ತೆಗೆದಳು.

"ಹೆದರಬೇಡ ತಾಯಿ. ಪಕ್ಕದ ಮನೆಯವರ ಪಾತ್ರೆಯನ್ನ ನಾನು ಯಾವತ್ತೂ ಖಾಲಿ ವಾಪಸ್ ಕೊಟ್ಟವಳಲ್ಲ. ಇವಳ ಸಿಪ್ಪೆ ಖಾಲಿ ಬಿಟ್ಟು ಹೋಗ್ತೀನಾ? ಗಾಳಿಯಪ್ಪ, ಒಂದಿಷ್ಟು ಎಣ್ಣೆ ತಾ!"

"ಯಾವ ಎಣ್ಣೆ ಅಜ್ಜಿ?"

"ಮೂಗಿಗೆ ಹಬ್ಬ ಆಗಬೇಕು, ಕಣ್ಣಿಗೆ ಖಾರ ಆಗಬೇಕು. ಅಂಥದ್ದು."

ಗಾಳಿ ತಾಯಿಮರದ ಎಲೆಯನ್ನೇ ಹಿಂಡಿ ಎಣ್ಣೆ ತಂದಿತು. ಅಜ್ಜಿ ಸಿಪ್ಪೆಯ ತುಂಬ ಚುಕ್ ಚುಕ್ ಎಂದು ಗುಳಿ ಮಾಡಿದಳು. ಗುಳಿಗೊಂದು ಹನಿ, ಗುಳಿಗೊಂದು ಹನಿ. ಬೆಟ್ಟವೆಲ್ಲ ಘಮ್ ಎಂದಿತು.

ಅಷ್ಟರಲ್ಲಿ ನೊಣ ಬಂದು ಕೂತು ಚುಚ್ಚಿತು. ಚಿಟ್! ಎಣ್ಣೆ ನೇರ ಕಣ್ಣಿಗೆ. "ಅಯ್ಯಯ್ಯೋ, ಸುಟ್ಟುಹೋದೆ!" ಕಣ್ಣುಜ್ಜಿಕೊಳ್ಳುತ್ತ ಓಡಿಹೋಯಿತು.

ಬೀಜ ಬಲಿಯಿತು. ಬಣ್ಣ ನೋಡಿ ಹಕ್ಕಿ ಬಂತು, ಹಣ್ಣು ತಿಂದು ಬೆಟ್ಟದ ಉದ್ದಕ್ಕೂ ಬೀಜ ಉದುರಿಸಿತು.

ಅಜ್ಜಿ ಈಗಲೂ ವರ್ಷಕ್ಕೊಮ್ಮೆ ಬರುತ್ತಾಳೆ, ಹಸಿರು ಹೊದ್ದು ಹೋಗುತ್ತಾಳೆ. ಸೆಕೆಯೂರಿಗೆ ಅವಳು ಕಾಲಿಡುವುದಿಲ್ಲ. ಪಾಪ, ಅಲ್ಲಿನ ಕಿತ್ತಳೆ ಹಣ್ಣಾದರೂ ಹಸಿರಾಗೇ ಕೂತಿರುತ್ತದೆ. ನೀವು ಸಿಪ್ಪೆ ಸುಲಿಯುವಾಗ ಕಣ್ಣಿಗೆ ಚಿಟ್ ಎಂದು ಹಾರುವುದು ಅದೇ ಅಜ್ಜಿಯ ಎಣ್ಣೆ. ನೊಣವಂತೂ ಅವತ್ತಿನ ಉರಿ ಆರದೆ, ಇವತ್ತಿಗೂ ಕೂತಲ್ಲೆಲ್ಲ ಮುಂಗಾಲಲ್ಲಿ ಕಣ್ಣುಜ್ಜಿಕೊಳ್ಳುತ್ತಲೇ ಇದೆ.